ಅಲೆಗೂ ಒಂದು ಲೆಕ್ಕಪುಸ್ತಕ: ಧ್ವನಿಯ ನೆರವಿನಿಂದ ಅಲೆಯ ಎತ್ತರ ಅಳೆಯುವ ಉಪಕರಣಗಳು

ಸರಕು ಹಡಗೊಂದು ಬಂದರಿಗೆ ಬಂದು ಹೋಗುವವರೆಗಿನ ಪ್ರತಿಯೊಂದು ಘಟನೆಯನ್ನೂ ಗಂಟೆ ನಿಮಿಷಗಳ ಸಹಿತ ದಾಖಲಿಸುವ ‘ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್’ ಎಂಬ ಪತ್ರವು ಆಮದು-ರಫ್ತು ವ್ಯವಹಾರದಲ್ಲಿ ತೊಡಗಿರುವ ವರ್ತಕರಿಗೆ ಪರಿಚಿತವಾದದ್ದೇ. ಲಂಗರು ಹಾಕಿದ್ದು ಯಾವಾಗ, ಕ್ರೇನು ಕೆಟ್ಟು ನಿಂತದ್ದು ಎಷ್ಟು ಹೊತ್ತು, ಮಳೆಗೆ ಹ್ಯಾಚ್ ಮುಚ್ಚಿದ್ದು ಎಷ್ಟು ಗಂಟೆಗೆ ಎಂಬುದೆಲ್ಲ ಅದರಲ್ಲಿ ನಿಮಿಷದ ಲೆಕ್ಕದಲ್ಲಿ ನಮೂದಾಗಿರುತ್ತದೆ. ಆದರೆ ಕಡಲಿನ ಸ್ಥಿತಿಯ ವಿಷಯಕ್ಕೆ ಬಂದಾಗ ‘ಅಲೆಗಳ ಅಬ್ಬರದಿಂದ ಕೆಲಸ ಸ್ಥಗಿತ’ ಎಂಬ ಅರ್ಥದ ಒಂದು ಸಾಲಿಗೇ ಬರವಣಿಗೆ ಮುಗಿದುಬಿಡುವುದುಂಟು. ಅಬ್ಬರವೆಂದರೆ ಎಷ್ಟು? ಒಂದು ಮೀಟರೋ, ಎರಡು ಮೀಟರೋ? ಅಳೆದವರು ಯಾರು, ಯಾವುದರಿಂದ?

ಈ ಪ್ರಶ್ನೆಗಳ ಹಿಂದೆ ಹಣವಿದೆ. ಹಡಗು ಬಾಡಿಗೆ ಕರಾರಿನಲ್ಲಿ ‘ವೆದರ್ ವರ್ಕಿಂಗ್ ಡೇ’ ಎಂಬ ಷರತ್ತು ಇದ್ದಲ್ಲಿ, ಹವಾಮಾನದ ಕಾರಣದಿಂದ ಕೆಲಸ ನಿಂತ ಹೊತ್ತನ್ನು ಸರಕು ಇಳಿಸಲು ಕೊಟ್ಟ ಅವಧಿಯಲ್ಲಿ ಲೆಕ್ಕ ಹಿಡಿಯುವುದಿಲ್ಲ. ಕಾರಣ ಸಾಬೀತಾಗದೆ ಹೋದರೆ ಅದೇ ಹೊತ್ತು ಡೆಮರೇಜಿನ ರೂಪದಲ್ಲಿ ಸರಕುದಾರನ ತಲೆಯ ಮೇಲೆ ಬರಬಹುದು. ದಿನಕ್ಕೆ 12,000 ಡಾಲರ್ ದರವೆಂದು ಇಟ್ಟುಕೊಂಡರೆ ಆರು ಗಂಟೆಗಳ ವಿವಾದದ ಬೆಲೆ 3,000 ಡಾಲರ್. ಗೋದಾಮಿನಲ್ಲಿ ಮೂಟೆಯೊಂದಕ್ಕೆ 200 ಗ್ರಾಂ ಕಡಿಮೆ ಬಂದರೂ ತಕರಾರು ತೆಗೆಯುವ ವರ್ತಕರು ಕಡಲಿನ ಮಟ್ಟಿಗೆ ಮಾತ್ರ ಕಣ್ಣಂದಾಜನ್ನು ಮರುಮಾತಿಲ್ಲದೆ ಒಪ್ಪಿಕೊಂಡು ಬಂದಿರುವುದು ಸೋಜಿಗದ ಸಂಗತಿ.

ಕಾಯಿದೆಯ ಕಣ್ಣಿನಲ್ಲಿ ಅಲೆ

1963ರ ಸಾಗರ ವಿಮಾ ಕಾಯಿದೆಯ ಅನುಸೂಚಿಯಲ್ಲಿ ಒಂದು ಪುಟ್ಟ ನಿಯಮವಿದೆ. ಪಾಲಿಸಿಯಲ್ಲಿ ಬರುವ ‘ಕಡಲಿನ ಅಪಾಯಗಳು’ ಎಂಬ ಮಾತು ಆಕಸ್ಮಿಕ ಅವಘಡಗಳಿಗೆ ಮಾತ್ರ ಅನ್ವಯಿಸುತ್ತದೆ. ಗಾಳಿ ಮತ್ತು ಅಲೆಗಳ ಸಾಮಾನ್ಯ ವರ್ತನೆ ಅದರಲ್ಲಿ ಸೇರುವುದಿಲ್ಲ ಎಂಬುದು ಅದರ ತಾತ್ಪರ್ಯ. ಬ್ರಿಟನ್ನಿನ 1906ರ ಕಾಯಿದೆಯಿಂದ ಬಂದ ಈ ನಿಯಮದಲ್ಲಿ ‘ಸಾಮಾನ್ಯ’ ಎಂಬ ಒಂದು ಪದ ಎಷ್ಟು ಭಾರ ಹೊತ್ತಿದೆಯೆಂಬುದನ್ನು ತಿಳಿಯಲು ಅಲ್ಲಿನದೇ ಒಂದು ಪ್ರಕರಣವನ್ನು ನೋಡಬಹುದು.

2005ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಮಲೇಷ್ಯಾಕ್ಕೆ, ಆಫ್ರಿಕಾದ ತುದಿಯನ್ನು ಬಳಸಿಕೊಂಡು, ತೈಲ ತೆಗೆಯುವ ಒಂದು ರಿಗ್ಗನ್ನು ಬಾರ್ಜಿನ ಮೇಲಿಟ್ಟು ಎಳೆದೊಯ್ಯಲಾಯಿತು. ಅದರ ಮೂರು ಉಕ್ಕಿನ ಕಾಲುಗಳು ಆಕಾಶಕ್ಕೆ ಮುಖಮಾಡಿದ್ದವು. ನವೆಂಬರ್ ತಿಂಗಳಲ್ಲಿ ಡರ್ಬನ್ ದಾಟಿದ ಬಳಿಕ ಒಂದು ಕಾಲು ಮುರಿದು ಕಡಲಿಗೆ ಬಿತ್ತು; ಮರುದಿನ ಉಳಿದೆರಡೂ ಹೋದವು. ಆ ಹಾದಿಯಲ್ಲಿ ನಿರೀಕ್ಷಿಸಬಹುದಾದ ಹವಾಮಾನವೇ ಇತ್ತು, ಅಲೆಗಳು ಅಸಾಮಾನ್ಯವಾಗಿರಲಿಲ್ಲ, ಕಾಲುಗಳೇ ಒಳಗಿನಿಂದ ದುರ್ಬಲವಾಗಿದ್ದವು ಎಂಬುದು ವಿಮಾದಾರರ ವಾದ. ಕೆಳಗಿನ ನ್ಯಾಯಾಲಯ ಅದನ್ನು ಒಪ್ಪಿತು. ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. 2011ರ ಫೆಬ್ರವರಿ 1ರಂದು ಅಲ್ಲಿನ ಸುಪ್ರೀಂ ಕೋರ್ಟು ಅಂತಿಮವಾಗಿ ವಿಮೆ ಮಾಡಿಸಿದವರ ಪರ ತೀರ್ಪಿತ್ತಿತು. ‘ಸಾಮಾನ್ಯ’ ಎಂಬ ವಿಶೇಷಣ ‘ವರ್ತನೆ’ಗೆ ಸೇರಿದ್ದೇ ಹೊರತು ಗಾಳಿಗಾಗಲಿ ಅಲೆಗಾಗಲಿ ಸೇರಿದ್ದಲ್ಲ, ಅಲೆಗಳು ಅಸಾಧಾರಣವಾಗಿರದಿದ್ದರೂ, ಒಂದು ಅಲೆ ಕಾಲು ಮುರಿಯುವಂಥ ರೀತಿಯಲ್ಲಿ, ಅಂಥ ಗಳಿಗೆಯಲ್ಲಿ ತಾಗಿದರೆ ಅದು ಅವಘಡವೇ ಎಂಬುದು ತೀರ್ಪಿನ ಸಾರ. ಈ ತೀರ್ಪು ಭಾರತದ ನ್ಯಾಯಾಲಯಗಳಿಗೆ ಬದ್ಧವಲ್ಲ. ಆದರೂ ಮೂಲ ಕಾಯಿದೆಯ ಭಾಷೆ ಒಂದೇ ಆದುದರಿಂದ ಇಂಥವುಗಳಿಗೆ ಇಲ್ಲಿ ಮನ್ನಣೆ ಸಿಗುತ್ತದೆ.

ಗೇರುಬೀಜದ ತಿರುಳನ್ನೋ ಕಾಫಿಯನ್ನೋ ಕಂಟೇನರಿನಲ್ಲಿ ತುಂಬಿ ಕಳುಹಿಸುವವರಿಗೆ ರಿಗ್ಗಿನ ಕಥೆ ದೂರದ್ದೆನಿಸಬಹುದು. ಆದರೆ ಅವರ ಪಾಲಿಸಿಗೆ ಲಗತ್ತಾಗುವ 2009ರ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್‌ನಲ್ಲಿ, ಪ್ರಯಾಣದ ಸಾಮಾನ್ಯ ಘಟನೆಗಳನ್ನು ತಾಳಿಕೊಳ್ಳಲಾರದ ಪ್ಯಾಕಿಂಗಿನಿಂದ ಆದ ನಷ್ಟಕ್ಕೆ ಪರಿಹಾರವಿಲ್ಲವೆಂಬ ಷರತ್ತು ಇದೆ. ಇಲ್ಲಿಯೂ ಅದೇ ‘ಸಾಮಾನ್ಯ’. ಯಾವುದು ಸಾಮಾನ್ಯ, ಯಾವುದು ಅಲ್ಲ ಎಂಬ ಚರ್ಚೆಗೆ ಒಂದು ಅಂಕಿಯ ಆಧಾರವಿದ್ದರೆ ವಾದ ಮೊಟಕಾಗುತ್ತದೆ. ಇಲ್ಲದಿದ್ದರೆ ಸರ್ವೇಯರರ ಅಭಿಪ್ರಾಯವೇ ಅಂತಿಮವಾಗುತ್ತದೆ.

ಮಾರ್ದನಿಯ ಲೆಕ್ಕ

ಅಲೆಯನ್ನು ಅಳೆಯುವ ವಿಧಾನಗಳು ಹಲವು. ನೀರಿನಲ್ಲಿ ನೆಟ್ಟ ಅಳತೆಗೋಲು ಅತ್ಯಂತ ಸರಳವಾದುದು. ಅಲೆಯೊಡನೆ ಏರಿಳಿಯುವ ತೇಲುಬುರುಡೆಯೊಳಗೆ ವೇಗೋತ್ಕರ್ಷ ಮಾಪಕವನ್ನಿಟ್ಟು ಲೆಕ್ಕ ಹಾಕುವುದು ಆಳ ಸಮುದ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ತಳದಲ್ಲಿ ಒತ್ತಡ ಮಾಪಕ ಇಡುವುದೂ ಉಂಟು. ಅದು ಅಗ್ಗ, ಬಾಳಿಕೆಯೂ ಹೆಚ್ಚು. ಆದರೆ ಚಿಕ್ಕ ಅಲೆಗಳ ಒತ್ತಡ ತಳದವರೆಗೆ ಇಳಿಯುವುದಿಲ್ಲ. ನಾಲ್ಕು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಸುಮಾರು 25 ಮೀಟರು. ಅದರ ಅರ್ಧದಷ್ಟು, ಅಂದರೆ ಹನ್ನೆರಡೂವರೆ ಮೀಟರು ಆಳದಲ್ಲಿ ಕುಳಿತ ಮಾಪಕಕ್ಕೆ ಮೇಲಿನ ಏರಿಳಿತದ ಹತ್ತನೆಯ ಒಂದು ಭಾಗವೂ ತಲುಪುವುದಿಲ್ಲ. ಉಳಿದ ಒಂಬತ್ತು ಭಾಗವನ್ನು ಗಣಿತದಿಂದ ಊಹಿಸಿ ತುಂಬಿಸಬೇಕು. ಚಿಲ್ಲರೆ ಮಾರಾಟದ ಬಿಲ್ಲುಗಳಿಲ್ಲದೆ ವರ್ಷದ ವಹಿವಾಟು ಅಂದಾಜು ಮಾಡಿದಂತೆಯೇ ಇದು.

ಧ್ವನಿ ಆಧಾರಿತ ಉಪಕರಣಗಳ ಸ್ಥಾನವಿರುವುದು ಇಲ್ಲಿ. ಅದರ ತತ್ತ್ವ ಶಾಲಾ ಮಕ್ಕಳಿಗೂ ತಿಳಿದದ್ದು. ಧ್ವನಿಯನ್ನು ಕಳುಹಿಸಿ, ಮಾರ್ದನಿ ಮರಳಲು ಹಿಡಿದ ಸಮಯವನ್ನು ಧ್ವನಿಯ ವೇಗದಿಂದ ಗುಣಿಸಿ ಅರ್ಧ ಮಾಡಿದರೆ ದೂರ ಸಿಗುತ್ತದೆ. 1912ರಲ್ಲಿ ಟೈಟಾನಿಕ್ ಮುಳುಗಿದ ನಂತರ ನೀರ್ಗಲ್ಲುಗಳನ್ನು ದೂರದಿಂದಲೇ ಪತ್ತೆಹಚ್ಚುವ ಪ್ರಯತ್ನಗಳು ಚುರುಕುಗೊಂಡವು. 1914ರಲ್ಲಿ ಫೆಸೆಂಡನ್ ನೀರ್ಗಲ್ಲಿನಿಂದ ಮಾರ್ದನಿ ಪಡೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಲ್ಯಾಂಜೆವಿನ್, ಸ್ಫಟಿಕದ ಹಲ್ಲೆಗಳಿಂದ ಶ್ರವಣಾತೀತ ಧ್ವನಿ ಹೊರಡಿಸಿ ಜಲಾಂತರ್ಗಾಮಿಗಳನ್ನು ಹುಡುಕುವ ದಾರಿ ತೋರಿಸಿದರು. ಹಡಗಿನ ಅಡಿಯಿಂದ ತಳದ ಆಳ ಅಳೆಯುವ ಯಂತ್ರ ಆ ಬಳಿಕ ಸರ್ವಸಾಮಾನ್ಯವಾಯಿತು. ಅದೇ ಯಂತ್ರವನ್ನು ಸಮುದ್ರದ ತಳದಲ್ಲಿಟ್ಟು ಮುಖವನ್ನು ಮೇಲಕ್ಕೆ ತಿರುಗಿಸಿದರೆ ಅದು ಅಲೆಯ ಮಾಪಕ.

ನೀರಿನೊಳಗಿನಿಂದ ಮೇಲಕ್ಕೆ ಹೋಗುವ ಧ್ವನಿಗೆ ನೀರು-ಗಾಳಿಗಳ ಗಡಿ ಕನ್ನಡಿಯಂತೆ. ಬಹುಪಾಲು ಧ್ವನಿ ಮರಳಿ ಬರುತ್ತದೆ. ಕಡಲ ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,500 ಮೀಟರು, ಬೆಚ್ಚನೆಯ ನೀರಿನಲ್ಲಿ ಇನ್ನೂ ತುಸು ಹೆಚ್ಚು. ನಾರ್ವೆಯ ನಾರ್ಟೆಕ್ ಸಂಸ್ಥೆ ಮೊದಲಾದವರು ತಯಾರಿಸುವ ಇಂಥ ಉಪಕರಣಗಳಲ್ಲಿ ನೇರ ಮೇಲಕ್ಕೆ ಹೋಗುವ ಒಂದು ಧ್ವನಿಕಿರಣ ನೀರಿನ ಮೇಲ್ಮೈಯ ಏರಿಳಿತವನ್ನು ಹಿಡಿದರೆ, ಓರೆಯಾಗಿ ಹೋಗುವ ಇತರ ಕಿರಣಗಳು ಡಾಪ್ಲರ್ ತತ್ತ್ವದಿಂದ ನೀರಿನ ಚಲನೆಯನ್ನು ಗುರುತಿಸಿ, ಅಲೆ ಯಾವ ದಿಕ್ಕಿನಿಂದ ಬಂತು ಎಂಬುದನ್ನೂ ಹೇಳುತ್ತವೆ.

ಎರಡನೆಯ ಬಗೆ ಇದಕ್ಕೆ ತದ್ವಿರುದ್ಧ. ಜೆಟ್ಟಿಯ ಕಂಬಕ್ಕೋ ಸೇತುವೆಯ ಕೆಳಭಾಗಕ್ಕೋ ತೋಳು ಹಾಕಿ, ಗಾಳಿಯ ಮೂಲಕ ಕೆಳಮುಖವಾಗಿ ಧ್ವನಿ ಬಿಡುವುದು. ನೀರಿನಿಂದ ಆರು ಮೀಟರು ಎತ್ತರದಲ್ಲಿರುವ ಮಾಪಕಕ್ಕೆ ಮಾರ್ದನಿ ಸುಮಾರು 35 ಮಿಲಿಸೆಕೆಂಡಿನಲ್ಲಿ ಮರಳುತ್ತದೆ. ಸೆಕೆಂಡಿಗೆ ಹತ್ತು ಸಲ ಅಳೆದರೂ ಪುರುಸೊತ್ತು ಉಳಿಯುತ್ತದೆ. ಮಾಪಕಕ್ಕೆ ನೀರು ತಾಗುವುದಿಲ್ಲ, ಚಿಪ್ಪುಜೀವಿಗಳು ಅಂಟಿಕೊಳ್ಳುವುದಿಲ್ಲ, ಕೆಟ್ಟರೆ ಏಣಿ ಹಾಕಿ ಬಿಚ್ಚಿಕೊಳ್ಳಬಹುದು. ಖರ್ಚಿನ ದೃಷ್ಟಿಯಿಂದ ಸಣ್ಣ ಬಂದರುಗಳಿಗೆ ಒಪ್ಪುವುದು ಇದೇ.

ತಪ್ಪುವುದು ಎಲ್ಲಿ?

ಗಾಳಿಯಲ್ಲಿ ಧ್ವನಿಯ ವೇಗ ಶೂನ್ಯ ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 331 ಮೀಟರು. ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ ಸುಮಾರು 0.6 ಮೀಟರಿನಷ್ಟು ಹೆಚ್ಚುತ್ತದೆ. ಬೆಳಗಿನ ಜಾವಕ್ಕೂ ನಡುಮಧ್ಯಾಹ್ನಕ್ಕೂ ಆರು ಡಿಗ್ರಿ ವ್ಯತ್ಯಾಸವಿದ್ದು ಉಪಕರಣ ಅದನ್ನು ಗಮನಿಸದಿದ್ದರೆ ಶೇಕಡಾ ಒಂದರಷ್ಟು ತಪ್ಪು. ಆರು ಮೀಟರಿನ ದೂರದಲ್ಲಿ ಅದು ಆರು ಸೆಂಟಿಮೀಟರು. ಆದರೆ ಅಲೆಯ ಎತ್ತರವೆಂಬುದು ಎರಡು ದೂರಗಳ ನಡುವಿನ ವ್ಯತ್ಯಾಸ. ಎರಡು ಮೀಟರಿನ ಅಲೆಯಲ್ಲಿ ಅದೇ ಶೇಕಡಾ ಒಂದು ಎರಡೇ ಸೆಂಟಿಮೀಟರಿಗೆ ಇಳಿಯುತ್ತದೆ. ಇನ್ನು ಮಾಪಕವನ್ನೇ ಹತ್ತು ಸೆಂಟಿಮೀಟರು ಕೆಳಗೆ ಕೂರಿಸಿ, ಪುಸ್ತಕದಲ್ಲಿ ಬೇರೆ ಎತ್ತರ ಬರೆದಿದ್ದರೂ ಅಲೆಯ ಎತ್ತರ ಕೆಡುವುದಿಲ್ಲ, ಭರತದ ಮಟ್ಟ ಮಾತ್ರ ಕೆಡುತ್ತದೆ. ಆರಂಭಿಕ ದಾಸ್ತಾನನ್ನೂ ಅಂತಿಮ ದಾಸ್ತಾನನ್ನೂ ಒಂದೇ ಮೊತ್ತದಷ್ಟು ಹೆಚ್ಚು ತೋರಿಸಿದಾಗ ಆ ವರ್ಷದ ಲಾಭ ಸರಿಯಾಗಿಯೇ ಬಂದು ಆಸ್ತಿ-ಹೊಣೆ ಪಟ್ಟಿ ಮಾತ್ರ ತಪ್ಪುವುದನ್ನು ಕಂಡವರಿಗೆ ಇದು ಹೊಸತೇನಲ್ಲ.

ವೇಗದ ತಪ್ಪಿಗೆ ಒಂದು ಸೊಗಸಾದ ಪರಿಹಾರವಿದೆ. ಧ್ವನಿಯ ಹಾದಿಯಲ್ಲಿ, ಮಾಪಕದಿಂದ ಕರಾರುವಾಕ್ಕಾಗಿ ಗೊತ್ತಿರುವ ದೂರದಲ್ಲಿ ಒಂದು ತೆಳು ಕಂಬಿಯನ್ನು ಅಡ್ಡ ಇಟ್ಟುಬಿಡುವುದು. ಅದರಿಂದ ಬರುವ ಮೊದಲ ಮಾರ್ದನಿಯೇ ಆ ಕ್ಷಣದ ವೇಗವನ್ನು ತಿಳಿಸುತ್ತದೆ. ಮುದ್ರೆಯೊತ್ತಿದ ಒಂದು ಕಿಲೋ ಬಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಆಗಾಗ ತಕ್ಕಡಿಯನ್ನು ಪರೀಕ್ಷಿಸಿಕೊಳ್ಳುವ ಅಂಗಡಿಯವನ ಕ್ರಮವೇ ಇದು.

ಕಂಬಿಯಿಂದ ಸರಿಹೋಗದ ದೋಷಗಳೂ ಇವೆ. ಧ್ವನಿ ದಾರದಂತೆ ನೇರ ಇಳಿಯುವುದಿಲ್ಲ, ಲಾಳಿಕೆಯಂತೆ ಅಗಲವಾಗುತ್ತದೆ. ಹತ್ತು ಡಿಗ್ರಿಯ ಕಿರಣ ಐದು ಮೀಟರು ಕೆಳಗೆ ಸುಮಾರು 87 ಸೆಂಟಿಮೀಟರು ಅಗಲದ ವೃತ್ತವಾಗಿರುತ್ತದೆ. ಮಾಪಕ ಆ ವೃತ್ತದಲ್ಲಿ ತನಗೆ ಅತ್ಯಂತ ಹತ್ತಿರವಿರುವ ನೀರನ್ನು ಮೊದಲು ಕೇಳುವುದರಿಂದ, ಅಲೆಯ ತಲೆ ಸರಿಯಾಗಿಯೂ ಅಲೆಯ ತಗ್ಗು ಇರುವುದಕ್ಕಿಂತ ಕಡಿಮೆ ಆಳವಾಗಿಯೂ ದಾಖಲಾಗುತ್ತದೆ. ಕಡಿದಾದ ಅಲೆಯ ಮೈಗೆ ತಾಗಿದ ಧ್ವನಿ ಪಕ್ಕಕ್ಕೆ ಸಿಡಿದು ಮರಳದೆಯೂ ಹೋಗಬಹುದು. ನೊರೆ ಧ್ವನಿಯನ್ನು ಹೀರುತ್ತದೆ, ಬಿರುಗಾಳಿ ಮಾರ್ದನಿಯನ್ನು ದಾರಿ ತಪ್ಪಿಸುತ್ತದೆ. ಕಡಲ ತಳದ ಮಾಪಕಕ್ಕೂ ಸುಖವಿಲ್ಲ. ಒಡೆಯುವ ಅಲೆಗಳು ನೀರಿನೊಳಕ್ಕೆ ಒಯ್ಯುವ ಗುಳ್ಳೆಗಳ ಮೋಡ ಮೇಲ್ಮೈಯನ್ನೇ ಮರೆಮಾಡುತ್ತದೆ. ದುರ್ದೈವವೆಂದರೆ ಈ ತೊಂದರೆಗಳೆಲ್ಲ ಹೆಚ್ಚುವುದು ಬಿರುಗಾಳಿಯ ದಿನ, ಅಂದರೆ ವಿಮೆಯ ಕಡತಕ್ಕೆ ಬೇಕಾಗುವ ದಿನವೇ. ಆದುದರಿಂದ ವರದಿ ಕೇಳುವವರು ಅಂಕಿಯ ಜೊತೆಗೆ, ಎಷ್ಟು ಮಾರ್ದನಿಗಳು ಕಳೆದುಹೋದವು, ಆ ಖಾಲಿ ಜಾಗವನ್ನು ಹೇಗೆ ತುಂಬಲಾಯಿತು ಎಂಬುದನ್ನೂ ಕೇಳಿ ಪಡೆಯಬೇಕು.

ಯಾವ ಸರಾಸರಿ?

ವರದಿಯಲ್ಲಿ ‘ಗಣನೀಯ ಅಲೆಯೆತ್ತರ 2 ಮೀಟರ್’ ಎಂದಿದ್ದರೆ ಅದು ಎಲ್ಲ ಅಲೆಗಳ ಸರಾಸರಿಯಲ್ಲ, ಅತಿ ದೊಡ್ಡ ಅಲೆಯೂ ಅಲ್ಲ. ಇಪ್ಪತ್ತು ನಿಮಿಷಗಳಲ್ಲಿ 150 ಅಲೆಗಳು ಬಂದವೆಂದಿಟ್ಟುಕೊಳ್ಳೋಣ. ಅವನ್ನು ಎತ್ತರದ ಪ್ರಕಾರ ಇಳಿಕೆಯ ಕ್ರಮದಲ್ಲಿ ಬರೆದು, ಮೊದಲ ಮೂರನೆಯ ಒಂದು ಭಾಗದ, ಅಂದರೆ 50 ಅಲೆಗಳ ಸರಾಸರಿ ತೆಗೆದರೆ ಬರುವುದೇ ಈ ಅಂಕಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯವನ್ನು ದಡಕ್ಕಿಳಿಸಲು ಅಲೆಗಳ ಮುನ್ಸೂಚನೆ ಬೇಕಾದಾಗ ಸ್ವೆರ್ಡ್ರಪ್ ಮತ್ತು ಮಂಕ್ ಎಂಬ ವಿಜ್ಞಾನಿಗಳು ಈ ಪರಿಕಲ್ಪನೆಯನ್ನು ರೂಪಿಸಿದರು. ಅನುಭವಿ ನಾವಿಕನ ಕಣ್ಣಂದಾಜು ಸರಿಸುಮಾರು ಇದಕ್ಕೇ ಹೊಂದುತ್ತದೆ ಎಂಬುದು ಅದರ ಹಿಂದಿನ ವಿಚಾರ. ಮನುಷ್ಯನ ಕಣ್ಣು ಸಣ್ಣ ಬಾಕಿದಾರರನ್ನು ಮರೆತು ದೊಡ್ಡವರನ್ನೇ ನೆನಪಿಟ್ಟುಕೊಳ್ಳುತ್ತದೆ.

ಇದರ ಪರಿಣಾಮವನ್ನು ವರ್ತಕರು ಮನಗಾಣಬೇಕು. ಸಾಮಾನ್ಯ ಅಂಕಿಅಂಶ ನಿಯಮದ ಪ್ರಕಾರ ಸುಮಾರು ಏಳರಲ್ಲಿ ಒಂದು ಅಲೆ ಗಣನೀಯ ಎತ್ತರವನ್ನು ಮೀರುತ್ತದೆ. ಸಾವಿರ ಅಲೆಗಳಲ್ಲಿ ಅತಿ ದೊಡ್ಡದು ಅದರ 1.86 ಪಟ್ಟಿನ ಆಸುಪಾಸಿನಲ್ಲಿರುವುದು ನಿರೀಕ್ಷಿತ. ‘2 ಮೀಟರ್’ ಎಂದ ದಿನ ಮೂರೂಮುಕ್ಕಾಲು ಮೀಟರಿನ ಒಂದು ಅಲೆ ಬಂದು ಡೆಕ್ಕಿನ ಮೇಲಿನ ಸರಕನ್ನು ಕೊಚ್ಚಿಕೊಂಡು ಹೋದರೆ ವರದಿ ಸುಳ್ಳೆಂದು ಅರ್ಥವಲ್ಲ. ಪರಿಹಾರದ ಅರ್ಜಿಯಲ್ಲಿ ಸರಾಸರಿಯನ್ನಷ್ಟೇ ನಮೂದಿಸಿ, ಗರಿಷ್ಠ ಅಲೆಯನ್ನು ಬಿಟ್ಟುಬಿಡುವುದು ತನ್ನ ಕೇಸನ್ನು ತಾನೇ ಕೆಡಿಸಿಕೊಂಡಂತೆ.

ಕಟ್ಟಡ ಕಾಮಗಾರಿಯಲ್ಲಿ ಈ ಅಂಕಿಯ ಬೆಲೆ ಇನ್ನೂ ಹೆಚ್ಚು. ಅಲೆತಡೆ ಗೋಡೆಗೆ ಹೊದಿಸುವ ಬಂಡೆಯ ತೂಕವನ್ನು ನಿರ್ಧರಿಸಲು ಬಳಕೆಯಲ್ಲಿರುವ ಹಡ್ಸನ್ ಸೂತ್ರದಲ್ಲಿ ತೂಕವು ಅಲೆಯೆತ್ತರದ ಘನಕ್ಕೆ ಅನುಗುಣವಾಗಿರುತ್ತದೆ. ಎತ್ತರವನ್ನು ಶೇಕಡಾ 10ರಷ್ಟು ಹೆಚ್ಚು ಅಂದಾಜು ಮಾಡಿದರೆ ಪ್ರತಿ ಬಂಡೆ ಶೇಕಡಾ 33ರಷ್ಟು ಹೆಚ್ಚು ತೂಗಬೇಕಾಗುತ್ತದೆ. ಕಡಿಮೆ ಅಂದಾಜು ಮಾಡಿದರೆ ಗೋಡೆಯೇ ಉಳಿಯದು. ನವಮಂಗಳೂರು ಬಂದರಿನ ಎರಡು ಅಲೆತಡೆ ಗೋಡೆಗಳು ತಲಾ 770 ಮೀಟರು ಉದ್ದವಿವೆ. ಅಂಥ ಉದ್ದಕ್ಕೆ ಬೇಕಾಗುವ ಕಲ್ಲು, ಲಾರಿ ಬಾಡಿಗೆ, ಕ್ರೇನುಗಳ ಲೆಕ್ಕವನ್ನು ಗುತ್ತಿಗೆದಾರರು ತಾವೇ ಹಾಕಿಕೊಳ್ಳಬಹುದು.

ಇಂಥ ಗೋಡೆಗಳ ಮಾದರಿಯನ್ನು ಮೊದಲು ಪ್ರಯೋಗಾಲಯದ ಕೃತಕ ಅಲೆಗಳಿಗೆ ಒಡ್ಡುವ ಪದ್ಧತಿಯಿದೆ. ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿರುವ, 1916ರಲ್ಲಿ ಆರಂಭವಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಈ ಕೆಲಸಕ್ಕೆ ಹೆಸರಾದದ್ದು. ಸುರತ್ಕಲ್‌ನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿಯೂ 50 ಮೀಟರು ಉದ್ದದ ಅಲೆ ಕಾಲುವೆಯಿದೆ. ಐವತ್ತರಲ್ಲೊಂದು ಪ್ರಮಾಣದ ಮಾದರಿಯಲ್ಲಿ ಎರಡು ಮೀಟರಿನ ಅಲೆ ನಾಲ್ಕು ಸೆಂಟಿಮೀಟರಿಗೆ ಕುಗ್ಗುತ್ತದೆ. ಅಲ್ಲಿ ಮಾಪಕ ಒಂದು ಮಿಲಿಮೀಟರು ತಪ್ಪಿದರೆ ಕಡಲಿನಲ್ಲಿ ಐದು ಸೆಂಟಿಮೀಟರು ತಪ್ಪಿದಂತೆ. ನೀರಿನೊಳಗೆ ಮುಳುಗಿಸುವ ವಿದ್ಯುತ್ ತಂತಿಗಳ ಮಾಪಕವನ್ನು ನೀರಿನ ಉಷ್ಣತೆ ಬದಲಾದಂತೆಲ್ಲ ಮತ್ತೆ ಮತ್ತೆ ಹೊಂದಿಸಬೇಕಾಗುತ್ತದೆ. ನೀರನ್ನು ಮುಟ್ಟದ ಧ್ವನಿಮಾಪಕಕ್ಕೆ ಆ ಕಾಟವಿಲ್ಲ.

ಗಾಳಿಯಿಲ್ಲದ ದಿನದ ಅಲೆ

ಕರಾವಳಿಯ ಮೀನುಗಾರರಿಗೂ ಬಾರ್ಜು ನಡೆಸುವವರಿಗೂ ಚೆನ್ನಾಗಿ ತಿಳಿದಿರುವ ಒಂದು ಸಂಗತಿಯೆಂದರೆ, ಅಲೆಗೆ ಸ್ಥಳೀಯ ಗಾಳಿಯೇ ಬೇಕೆಂದಿಲ್ಲ. ದಕ್ಷಿಣ ಹಿಂದೂ ಮಹಾಸಾಗರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ, ಗಾಳಿ ತಣ್ಣಗಿರುವ ದಿನ ಇಲ್ಲಿನ ದಡಕ್ಕೆ ಬಂದು ಹೊಡೆಯುತ್ತವೆ. ಕೇರಳದವರು ಇದನ್ನು ‘ಕಳ್ಳಕ್ಕಡಲ್’ ಎಂದು ಕರೆಯುತ್ತಾರೆ. ಎತ್ತರ ಹೆಚ್ಚಿಲ್ಲದಿದ್ದರೂ ಒಂದು ಅಲೆಗೂ ಮತ್ತೊಂದಕ್ಕೂ ನಡುವೆ 15 ಸೆಕೆಂಡು ಅಥವಾ ಇನ್ನೂ ಹೆಚ್ಚಿನ ಅಂತರವಿರುವ ಈ ನೀಳ ಅಲೆಗಳು ಕಟ್ಟಿದ ಹಗ್ಗವನ್ನು ತುಂಡರಿಸಬಲ್ಲವು. ಅಳಿವೆ ಬಾಗಿಲಿನ ಮರಳ ದಿಬ್ಬದ ಮೇಲೆ ಏಕಾಏಕಿ ಎದ್ದು ದೋಣಿಯನ್ನು ಮಗುಚಬಲ್ಲವು. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಈ ಬಗ್ಗೆ ಮುನ್ನೆಚ್ಚರಿಕೆ ನೀಡುತ್ತದೆ.

ನಷ್ಟ ಪರಿಶೀಲನೆಗೆ ಬರುವ ಸರ್ವೇಯರರು ಮಳೆ-ಗಾಳಿಯ ವರದಿಯನ್ನಷ್ಟೇ ನೋಡಿದರೆ ಅಂಥ ದಿನ ‘ಹವಾಮಾನ ಶಾಂತ’ ಎಂದೇ ಬರೆದುಕೊಂಡಾರು. ಅಲ್ಲವೆಂದು ಹೇಳಬಲ್ಲ ಸಾಕ್ಷಿ ಅಲೆಮಾಪಕವೊಂದೇ. ಕಾರವಾರ, ಹೊನ್ನಾವರಗಳ ಎದುರಿನ ಕಡಲಿನಲ್ಲಿ ತೇಲುಬುರುಡೆಗಳಿಂದ ಪಡೆದ ದಾಖಲೆಗಳ ಅಧ್ಯಯನಗಳು ಪ್ರಕಟವಾಗಿವೆ. ಆದರೆ ತೆರೆದ ಕಡಲಿನ ಅಂಕಿ ಅಳಿವೆ ಬಾಗಿಲಿಗೆ ಹಾಗೆಯೇ ಅನ್ವಯಿಸದು. ಆಳ ಕಡಿಮೆಯಾದಂತೆ ಅಲೆಯ ಎತ್ತರವೂ ಆಕಾರವೂ ಬದಲಾಗುತ್ತವೆ. ಒಂದು ಬಂದರಿನ ಬಾಯಿಯಲ್ಲಿ ಕಂಬಕ್ಕೆ ಕಟ್ಟಿದ ಧ್ವನಿಮಾಪಕ ಆ ಬಂದರಿನ ಲೆಕ್ಕವನ್ನು ಹೇಳುವಂತೆ ದೂರದ ತೇಲುಬುರುಡೆ ಹೇಳಲಾರದು.

ದಾಖಲೆಯಿದ್ದರೆ ಸಾಲದು, ಅದು ನ್ಯಾಯಾಲಯದಲ್ಲಿ ನಿಲ್ಲಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಘಟನೆ ನಡೆದ ವಾರದಲ್ಲೇ ಇದನ್ನು ಕೇಳಿ ಪಡೆಯುವುದು ಲೇಸು. ಮೂರು ವರ್ಷಗಳ ಬಳಿಕ ಉಪಕರಣವೂ ಅದನ್ನು ನೋಡಿಕೊಳ್ಳುತ್ತಿದ್ದ ನೌಕರನೂ ಅಲ್ಲಿರುವ ಭರವಸೆಯಿಲ್ಲ.

ಸಣ್ಣ ತಯಾರಕರ ಪಾಲು

ಕಾರನ್ನು ಹಿಂದಕ್ಕೆ ತೆಗೆಯುವಾಗ ಪೀಪಿ ಎಂದು ಎಚ್ಚರಿಸುವ ಸಾಧನದಲ್ಲಿಯೂ, ಕಾರ್ಖಾನೆಯ ತೊಟ್ಟಿಯಲ್ಲಿ ಎಣ್ಣೆಯ ಮಟ್ಟ ತೋರಿಸುವ ಸಾಧನದಲ್ಲಿಯೂ ಇರುವುದು ಇದೇ ತತ್ತ್ವ. ಸೆಕೆಂಡಿಗೆ 40,000 ಕಂಪನಗಳ ಧ್ವನಿ ಹೊರಡಿಸುವ ಚಿಕ್ಕ ಬಿಲ್ಲೆ ಕೆಲವು ನೂರು ರೂಪಾಯಿಗಳಿಗೆ ಸಿಗುತ್ತದೆ. ಅದರ ವ್ಯಾಪ್ತಿ ನಾಲ್ಕೈದು ಮೀಟರಿನೊಳಗೆ. ಜೆಟ್ಟಿಯ ಎತ್ತರಕ್ಕೆ ಇನ್ನೂ ಶಕ್ತಿಯುತವಾದುದು ಬೇಕು. ಆದರೆ ಅಲೆಮಾಪಕದ ಬೆಲೆ ಈ ಬಿಲ್ಲೆಯಲ್ಲಿಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಕವಚ, ನೀರು ಒಳನುಗ್ಗದ ಕೇಬಲ್ ಗ್ಲ್ಯಾಂಡ್, ಬಿರುಗಾಳಿಗೆ ಅಲುಗದ ತೋಳು, ಸೌರಫಲಕ, ಉಷ್ಣತಾ ಮಾಪಕ, ಹಿಂದೆ ಹೇಳಿದ ಅಡ್ಡಕಂಬಿ ಇವುಗಳಲ್ಲಿದೆ. ಇವೆಲ್ಲ ಸಣ್ಣ ವರ್ಕ್‌ಶಾಪುಗಳು ಮಾಡಿ ಅಭ್ಯಾಸವಿರುವ ಕೆಲಸಗಳೇ. ಕೊಳ್ಳುವವರು ಕೇಳುವುದು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ಕ್ಯಾಲಿಬ್ರೇಷನ್ ಪತ್ರವನ್ನು. ಆ ಖರ್ಚನ್ನು ಮೊದಲೇ ದರಪಟ್ಟಿಯಲ್ಲಿ ಸೇರಿಸದೆ ಕಡಿಮೆ ಬೆಲೆಗೆ ಟೆಂಡರ್ ಹಿಡಿದವರು ಕೊನೆಗೆ ಲಾಭವನ್ನೆಲ್ಲ ಅದಕ್ಕೇ ಸುರಿಯಬೇಕಾಗುತ್ತದೆ.

ಲೆಕ್ಕದ ಇನ್ನೊಂದು ವಿಚಿತ್ರ: ಉಪಕರಣದ ಬೆಲೆ ವರ್ಷವರ್ಷವೂ ಸವಕಳಿಯಾಗಿ ಇಳಿಯುತ್ತದೆ, ಅದು ಬರೆದಿಟ್ಟ ದಾಖಲೆಯ ಬೆಲೆ ವರ್ಷವರ್ಷವೂ ಏರುತ್ತದೆ. ಆದರೆ ಆಸ್ತಿ-ಹೊಣೆ ಪಟ್ಟಿಯಲ್ಲಿ ಜಾಗವಿರುವುದು ಮೊದಲನೆಯದಕ್ಕೆ ಮಾತ್ರ.

ತಯಾರಕರು ಹೆಚ್ಚಾಗಿ ಕಡೆಗಣಿಸುವ ಭಾಗವೆಂದರೆ ಗಡಿಯಾರ. ಸಮುದ್ರದ ತಳದಲ್ಲಿ ಕುಳಿತ ಮಾಪಕಕ್ಕೆ ಹೊರಗಿನ ಸಮಯ ತಿಳಿಯುವ ದಾರಿಯಿಲ್ಲ. ದಿನಕ್ಕೆ ಎರಡು ಸೆಕೆಂಡು ಹಿಂದೆ ಬಿದ್ದರೂ ಆರು ತಿಂಗಳಿಗೆ ಆರು ನಿಮಿಷವಾಗುತ್ತದೆ. ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್‌ನಲ್ಲಿ ಹಗ್ಗ ತುಂಡಾದದ್ದು 14:10ಕ್ಕೆ ಎಂದಿದ್ದು, ಮಾಪಕದ ದಾಖಲೆಯಲ್ಲಿ ದೊಡ್ಡ ಅಲೆ ಬಂದದ್ದು 14:04ಕ್ಕೆ ಎಂದಿದ್ದರೆ ಎದುರು ಪಕ್ಷದ ವಕೀಲರು ಸುಮ್ಮನಿರಲಾರರು. ಉಪಕರಣವನ್ನು ನೀರಿಗಿಳಿಸಿದ ದಿನವೂ ಮೇಲೆತ್ತಿದ ದಿನವೂ ಅದರ ಗಡಿಯಾರವನ್ನು ಭಾರತೀಯ ಕಾಲಮಾನದೊಡನೆ ತಾಳೆ ನೋಡಿ, ವ್ಯತ್ಯಾಸವನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದು, ಇಬ್ಬರ ಸಹಿ ಹಾಕಿಸಿದ ಒಂದು ಹಾಳೆ ಕಡತದಲ್ಲಿರಬೇಕು.